ಊರಿಂದ ಬಂದ ಅಪ್ಪ ಅಮ್ಮನ್ನ ಹಾಟ್ ಟಬ್‌ಗೆ ಇಳಿಸೋ ಮುಂಚೆ

ಅಪ್ಪ ಅಮ್ಮ ಅಮೆರಿಕಾಗೆ ಬಂದು ಚಳಿ ಶುರುವಾಯ್ತು ಅಂದ್ರೆ ಮೊದಲು ಹಿಡ್ಕೊಳ್ಳೋದು ಮಂಡಿ. ನಮ್ಮಮ್ಮಂಗೂ ಹಾಗೇ ಆಯ್ತು. ಊರಲ್ಲಿ ಹಂಡೆ ತುಂಬ ನೀರು ಕಾಯಿಸಿ ಚೊಂಬಲ್ಲಿ ಹುಯ್ಕೊಂಡು ಬೆನ್ನು ಕೆಂಪಗಾಗೋ ತನಕ ಸ್ನಾನ ಮಾಡೋರು, ಇಲ್ಲಿ ಶವರ್ ಕೆಳಗೆ ನಿಂತ್ರೆ ಮೈಗೆ ಬಿಸಿ ತಾಗೋದೇ ಇಲ್ಲ ಅಂತಿದ್ರು. ನಮ್ಮ ಅಪಾರ್ಟ್‌ಮೆಂಟಲ್ಲಿ ಸ್ವಿಮ್ಮಿಂಗ್ ಪೂಲ್ ಪಕ್ಕ ಹಾಟ್ ಟಬ್, ಅಂದ್ರೆ ಕುತ್ತಿಗೆ ತನಕ ಮುಳುಗಿ ಕೂರೋ ಬಿಸಿನೀರಿನ ತೊಟ್ಟಿ ಇದೆ, ಕರ್ಕೊಂಡು ಹೋದೆ, ಈಗ ವಾರಕ್ಕೆ ಮೂರು ದಿನ ಅವರೇ ಟವಲ್ ಹಿಡ್ಕೊಂಡು ರೆಡಿ ಇರ್ತಾರೆ.

ಕುತ್ತಿಗೆ ತನಕ ನೀರಲ್ಲಿದ್ರೆ ಮೈ ಭಾರದಲ್ಲಿ ಸುಮಾರು 90% ನೀರೇ ಹೊತ್ಕೊಳ್ಳತ್ತೆ, ಮಂಡಿಗೆ, ಸೊಂಟಕ್ಕೆ ಬಿಡುವು ಸಿಗತ್ತೆ. ಬಿಸಿಗೆ ರಕ್ತನಾಳ ಅಗಲ ಆಗತ್ತೆ, ಬಿಗಿದಿರೋ ಸ್ನಾಯು ಸಡಿಲ ಆಗತ್ತೆ. ಸವೆದ ಮಂಡಿ ಇದರಿಂದ ಸರಿಹೋಗಲ್ಲ, ಆದ್ರೆ ಡಾಕ್ಟರ್ ಹೇಳಿಕೊಟ್ಟ ಕಾಲಿನ ವ್ಯಾಯಾಮ ಹೊರಗೆ ಬಂದು ಸ್ವಲ್ಪ ಹೊತ್ತಾದ್ಮೇಲೆ ಮಾಡಿಸಿದ್ರೆ ಅಮ್ಮಂಗೆ ಮಂಡಿ ಮೊದಲಿಗಿಂತ ಸಲೀಸಾಗಿ ಮಡಚಕ್ಕಾಗತ್ತೆ.

ಬಿಪಿ ಮಾತ್ರೆ ತಗೊಳ್ಳೋರು, ಹಾರ್ಟ್ ಪ್ರಾಬ್ಲಮ್ ಇರೋರು ಮೊದಲು ಡಾಕ್ಟರನ್ನ ಕೇಳಲೇಬೇಕು. ಶುಗರ್‌ನಿಂದ ಪಾದ ಜೋಮು ಹಿಡಿಯೋರೂ ಅಷ್ಟೇ, ಅವರಿಗೆ ನೀರು ಸುಡ್ತಿರೋದೇ ಗೊತ್ತಾಗಲ್ಲ. ಗಾಯ ಇದ್ರೆ ಬೇಡ. ಇನ್ನೊಂದು, ಎಷ್ಟೋ ಜನ ಅಪ್ಪ ಅಮ್ಮ ಬರೋದೇ ಬಾಣಂತನಕ್ಕೆ, ಬಸುರಿ ಮಗಳೂ ಜೊತೆಗೆ ಇಳೀತೀನಿ ಅಂದ್ರೆ ದಯವಿಟ್ಟು ಬೇಡ ಅನ್ನಿ, ಅದ್ರಲ್ಲೂ ಮೊದಲ ಮೂರು ತಿಂಗಳು ಮೈ ಜಾಸ್ತಿ ಬಿಸಿಯಾದ್ರೆ ಮಗೂಗೆ ಅಪಾಯ. ಐದು ವರ್ಷದ ಒಳಗಿನ ಮಕ್ಕಳನ್ನೂ ಇಳಿಸಬಾರದು.

ಇಳಿಯೋ ಮುಂಚೆ ನೀರು ನೋಡಿ. ಇಲ್ಲಿ 104 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 40 ಸೆಲ್ಸಿಯಸ್, ಅದೇ ಮೇಲಿನ ಮಿತಿ. ವಯಸ್ಸಾದವರಿಗೆ ನಾನು 100 ಫ್ಯಾರನ್‌ಹೀಟ್ ಸಾಕು ಅಂತೀನಿ. ಬಿಸಿನೀರಲ್ಲಿ ಕೂರೋದು ದಿನನಿತ್ಯದ ಅಭ್ಯಾಸ ಆಗಿರೋ ಜಪಾನಲ್ಲೇ 41 ಡಿಗ್ರಿ ಸೆಲ್ಸಿಯಸ್ ದಾಟಬೇಡಿ, 10 ನಿಮಿಷ ಮೀರಬೇಡಿ ಅಂತ ಸರ್ಕಾರ ಹೇಳತ್ತೆ. ಅಂಗಡೀಲಿ ಸಿಗೋ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ, ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.0ರಿಂದ 7.8 ಇರಬೇಕು, ಕ್ಲೋರಿನ್ ಕಮ್ಮಿ ಇದ್ರೆ ಬ್ಯಾಕ್ಟೀರಿಯಾ ಬೆಳೆದು ಮೈಮೇಲೆ ಗುಳ್ಳೆ ಏಳತ್ತೆ, ಆವಿ ಜೊತೆ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾನೇ ಬರಬಹುದು. ನೀರು ಮಬ್ಬಾಗಿದ್ರೆ ವಾಪಸ್ ಬನ್ನಿ.

ಎಣ್ಣೆ ಹಚ್ಕೊಂಡು ಇಳಿಯೋ ಹಾಗಿಲ್ಲ. ಅಮ್ಮ ಹರಳೆಣ್ಣೆ ಬಾಟಲಿ ತಂದೇಬಿಟ್ಟಿದ್ರು! ಎಣ್ಣೆ ಫಿಲ್ಟರ್‌ಗೆ ಕಟ್ಟಿಕೊಳ್ಳತ್ತೆ, ಕ್ಲೋರಿನ್ನೂ ಅದಕ್ಕೇ ಖರ್ಚಾಗಿಬಿಡತ್ತೆ. ಸೋಪು ಹಾಕಿ ತೊಳ್ಕೊಂಡು ಇಳೀಲಿ, ಎಣ್ಣೆ ಆಮೇಲೆ ಮನೇಲಿ ಹಚ್ಚಿ. ಊಟ ಆದ ತಕ್ಷಣ ಬೇಡ, ಡ್ರಿಂಕ್ಸ್ ತಗೊಂಡಿದ್ರೆ ಬೇಡವೇ ಬೇಡ.

ಒಳಗೆ 10 ನಿಮಿಷ ಸಾಕು, ಫೋನಲ್ಲಿ ಅಲಾರಂ ಇಡಿ, ಯಾಕಂದ್ರೆ ಹಿತವಾಗಿರತ್ತೆ, ಯಾರೂ ತಾವಾಗೇ ಏಳಲ್ಲ. ಒಬ್ಬರನ್ನೇ ಬಿಟ್ಟು ಹೋಗಬೇಡಿ.

ನಿಜವಾದ ಅಪಾಯ ಇರೋದು ಏಳೋವಾಗ. ಬಿಸಿಗೆ ನಾಳ ಎಲ್ಲ ಅಗಲ ಆಗಿರತ್ತೆ, ಸುತ್ತಲಿನ ನೀರಿನ ಒತ್ತಡಾನೂ ಒಂದೇ ಸಲ ಹೋಗತ್ತೆ, ರಕ್ತ ಕಾಲಿಗಿಳಿದು ಬಿಪಿ ಧಡಕ್ಕಂತ ಬೀಳತ್ತೆ. ನಮ್ಮಪ್ಪ ಎರಡನೇ ದಿನ ಗಬಕ್ಕಂತ ಎದ್ದು ನಿಂತ್ರು, ಕಣ್ಣು ಕತ್ತಲೆ ಬಂತು, ನಾನು ರಟ್ಟೆ ಹಿಡ್ಕೊಂಡಿದ್ದಕ್ಕೆ ಉಳೀತು, ಇವತ್ತಿಗೂ ನೆನೆಸಿಕೊಂಡ್ರೆ ಎದೆ ಝಲ್ಲನ್ನತ್ತೆ. ಮೊದಲು ಮೇಲಿನ ಮೆಟ್ಟಿಲ ಮೇಲೆ ಎರಡು ನಿಮಿಷ ಕೂರಿಸಿ, ಆಮೇಲೆ ಕಂಬಿ ಹಿಡ್ಕೊಂಡು ನಿಧಾನಕ್ಕೆ ಏಳಲಿ, ತಕ್ಷಣ ಟವಲ್ ಹೊದಿಸಿ ಒಂದು ಲೋಟ ನೀರು ಕುಡಿಸಿ. ಎದೆ ನೋವು ಬಂದ್ರೆ, ಮಾತು ತೊದಲಿದ್ರೆ ಕಾಯಬೇಡಿ, ಇಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿ.

ಟೈಮು ಸಂಜೆಯೇ ಒಳ್ಳೇದು. ಮಲಗೋಕೆ ಒಂದೆರಡು ಗಂಟೆ ಮುಂಚೆ 10 ನಿಮಿಷ ಬಿಸಿನೀರ ಸ್ನಾನ ಮಾಡಿದ್ರೂ ನಿದ್ದೆ ಬೇಗ ಹತ್ತತ್ತೆ ಅಂತ ಟೆಕ್ಸಾಸಿನ ಸಂಶೋಧಕರು 2019ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ ಹೇಳಿದ್ದಾರೆ, ಹೊರಗೆ ಬಂದ್ಮೇಲೆ ಒಳಗಿನ ಬಿಸಿ ಇಳಿಯೋದೇ ನಿದ್ದೆ ತರೋದು. ನಡುರಾತ್ರಿ ಎದ್ದು ಊರಿಗೆ ಫೋನ್ ಮಾಡ್ಕೊಂಡು ಕೂರ್ತಿದ್ದ ಅಮ್ಮ ಟಬ್‌ಗೆ ಹೋದ ದಿನ ಬೆಳಗಿನ ತನಕ ಮಲಗ್ತಾರೆ.