ಟೆಸ್ಟಿಂಗ್ ಕನ್ಸಲ್ಟೆಂಟ್ ಆಗಬೇಕಾ? ಮೊದಲು ಬಗ್ ಬರೆಯೋದು ಕಲಿಯಿರಿ

ಐದಾರು ವರ್ಷ ಕಂಪನಿಗಳಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದು, ಈಗ ಸ್ವಂತವಾಗಿ ಕನ್ಸಲ್ಟಿಂಗ್ ಶುರು ಮಾಡಬೇಕು ಅಂತ ಸಲಹೆ ಕೇಳಿಕೊಂಡು ಬರುವವರು ತುಂಬಾ ಜನ. ಅವರ ರೆಸ್ಯೂಮೆಯಲ್ಲಿ ಹತ್ತು ಟೂಲ್‌ಗಳ ಹೆಸರು ಇರುತ್ತದೆ, ಎರಡು ಸರ್ಟಿಫಿಕೇಟ್ ಇರುತ್ತದೆ. 'ನೀವು ಬರೆದ ಒಂದು ಒಳ್ಳೆ ಬಗ್ ರಿಪೋರ್ಟ್ ತೋರಿಸಿ' ಅಂದರೆ ಸುಮ್ಮನಾಗಿಬಿಡುತ್ತಾರೆ. ಬಗ್ ಅಂದರೆ ಸಾಫ್ಟ್‌ವೇರಿನಲ್ಲಿರುವ ತಪ್ಪು, ಅದನ್ನು ವಿವರಿಸುವ ಬರಹವೇ ಬಗ್ ರಿಪೋರ್ಟ್. ಆದರೆ ಕ್ಲೈಂಟ್ ಕೈಗೆ ಕೊನೆಗೆ ಸಿಗೋದು ಆ ರಿಪೋರ್ಟ್ ಮಾತ್ರ. ಅದನ್ನು ಓದಿಯೇ ಅವರು ನಾಳೆ ರಿಲೀಸ್ ಮಾಡೋದಾ ಬೇಡವಾ ಅಂತ ತೀರ್ಮಾನಿಸಬೇಕು. ಅದಕ್ಕೇ ಈ ಲೇಖನದಲ್ಲಿ ಉಳಿದ ಹೆಜ್ಜೆಗಳನ್ನು ಬೇಗ ಮುಗಿಸಿ, ಜನ ಎಡವುವ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

1. ಬುನಾದಿ ಗಟ್ಟಿ ಮಾಡಿಕೊಳ್ಳಿ

ಬೌಂಡರಿ ವ್ಯಾಲ್ಯೂ (ಮಿತಿಯ ಅಂಚಿನಲ್ಲಿ ನೋಡುವುದು), ಈಕ್ವಿವಲೆನ್ಸ್ ಪಾರ್ಟಿಷನ್ (ಒಂದೇ ಥರದ ಇನ್‌ಪುಟ್‌ಗಳ ಗುಂಪಿನಿಂದ ಒಂದನ್ನು ನೋಡುವುದು), ಡಿಸಿಷನ್ ಟೇಬಲ್ (ಯಾವ ಷರತ್ತುಗಳು ಸೇರಿದರೆ ಏನಾಗಬೇಕು ಅನ್ನುವ ಪಟ್ಟಿ), ಪೇರ್‌ವೈಸ್ (ಆಯ್ಕೆಗಳನ್ನು ಎರಡೆರಡಾಗಿ ಜೋಡಿಸಿ ನೋಡುವುದು). ಈ ನಾಲ್ಕನ್ನು ಯಾವ ಸ್ಕ್ರೀನ್ ಕಂಡರೂ ಹಚ್ಚಿ ನೋಡುವಷ್ಟು ರೂಢಿ ಮಾಡಿಕೊಳ್ಳಿ. ವಯಸ್ಸು 18ರಿಂದ 60 ಅಂದರೆ 17, 18, 60, 61 ಹಾಕಿ, ಆಮೇಲೆ ಖಾಲಿ ಬಿಡಿ, ಮೈನಸ್ ಹಾಕಿ, 18.5 ಹಾಕಿ.

ಹೆಸರಿನ ಜಾಗಕ್ಕೆ ಇಂಗ್ಲಿಷ್ ಹೆಸರೊಂದನ್ನೇ ಹಾಕಿ ಮುಂದೆ ಹೋಗಬೇಡಿ. 'ಕೃಷ್ಣ' ಅಂತ ಹಾಕಿ. ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ, ಆ ಸಂಕೇತಗಳನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ 15 ಬೈಟ್. ಡೇಟಾಬೇಸ್‌ನಲ್ಲಿ ಯಾರೋ 10 ಬೈಟ್ ಅಂತ ಮಿತಿ ಇಟ್ಟಿದ್ದರೆ ಹೆಸರು ಅಲ್ಲೇ ಮುರಿಯುತ್ತದೆ.

ಸರ್ಟಿಫಿಕೇಟ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಟೆಸ್ಟರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಅಂತರರಾಷ್ಟ್ರೀಯ ಮಂಡಳಿ ಐಎಸ್‌ಟಿಕ್ಯೂಬಿಯ ಫೌಂಡೇಶನ್ ಪರೀಕ್ಷೆ 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸ್. ಕೆಲವು ಕ್ಲೈಂಟ್‌ಗಳು ಅದನ್ನು ಕೇಳುತ್ತಾರೆ, ಹಾಗಾಗಿ ಬರೆಯಿರಿ, ಆ ಪಠ್ಯ ಓದಿದರೆ ಎಲ್ಲರೂ ಬಳಸುವ ಪದಗಳಾದರೂ ಕೈಗೆ ಬರುತ್ತವೆ. ಆದರೆ ಪ್ರಶ್ನೆಗಳನ್ನು ಮೊದಲೇ ಮಾರುವವರ ಹತ್ತಿರ ದುಡ್ಡು ಕಳೆದುಕೊಳ್ಳಬೇಡಿ. ಹಾಗೆ ಪಾಸಾದವರು ಮೊದಲ ಮೀಟಿಂಗ್‌ನಲ್ಲೇ ಗೊತ್ತಾಗಿಬಿಡುತ್ತಾರೆ.

2. ಸ್ಕ್ರೀನಿನ ಹಿಂದೆ ನೋಡಲು ಕಲಿಯಿರಿ

ಆಟೊಮೇಷನ್‌ಗಿಂತ (ಸ್ಕ್ರಿಪ್ಟ್ ಬರೆದು ಟೆಸ್ಟ್ ತಾನಾಗಿ ಓಡುವಂತೆ ಮಾಡುವುದು) ಮೊದಲು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ಸ್ಕ್ರೀನ್ 'ಯಶಸ್ವಿಯಾಗಿದೆ' ಅಂದರೂ ಡೇಟಾಬೇಸ್‌ನಲ್ಲಿ ಸಾಲು ಬಿದ್ದಿದೆಯಾ ಅಂತ ನೀವೇ ನೋಡಲು ಬರಬೇಕು. ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ಓದುವುದು, ಸರ್ವರ್ ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಾಖಲೆ) ಸಮಯ ಹಿಡಿದು ಹುಡುಕುವುದು, ಎಪಿಐಗೆ (ಪ್ರೋಗ್ರಾಮ್‌ಗಳು ಒಂದರ ಜೊತೆ ಒಂದು ಮಾತಾಡುವ ದಾರಿ) ನೇರವಾಗಿ ರಿಕ್ವೆಸ್ಟ್ ಕಳಿಸುವುದು, ಇಷ್ಟು ಬಂದ ಮೇಲೆ ಆಟೊಮೇಷನ್ ಟೂಲ್ ಹಿಡಿಯಿರಿ. ಸೆಲೆನಿಯಮ್ ಬಂದಿದ್ದು 2004ರಲ್ಲಿ, ಪ್ಲೇರೈಟ್ 2020ರಲ್ಲಿ. ಯಾವುದಾದರೂ ಒಂದನ್ನು ಚೆನ್ನಾಗಿ ಕಲಿತರೆ ಇನ್ನೊಂದಕ್ಕೆ ಹೋಗೋದು ಕಷ್ಟವಲ್ಲ.

'ಕ್ಲಿಕ್ ಮಾಡುತ್ತಾ ಹೋಗಿ, ಸ್ಕ್ರಿಪ್ಟ್ ತಾನೇ ತಯಾರಾಗುತ್ತದೆ' ಅನ್ನುವ ರೆಕಾರ್ಡಿಂಗ್ ಟೂಲ್‌ಗಳನ್ನು ನಂಬಿ ಕ್ಲೈಂಟ್‌ಗೆ ಮಾತು ಕೊಡಬೇಡಿ. ಡೆಮೊದಲ್ಲಿ ಚೆನ್ನಾಗಿ ಕಾಣುತ್ತದೆ. ಪೇಜ್ ವಿನ್ಯಾಸ ಸ್ವಲ್ಪ ಬದಲಾದರೆ ಸಾಕು, ಅರ್ಧ ಸ್ಕ್ರಿಪ್ಟ್‌ಗಳು ಮುರಿದು ಬೀಳುತ್ತವೆ, ರಿಪೇರಿ ನಿಮ್ಮ ತಲೆಗೆ.

3. ಒಂದು ಕ್ಷೇತ್ರ ಹಿಡಿಯಿರಿ

ಪೇಮೆಂಟ್, ಆಸ್ಪತ್ರೆ ಸಾಫ್ಟ್‌ವೇರ್, ಸಾಗಣೆ, ಯಾವುದಾದರೂ ಸರಿ. 'ಎಲ್ಲವನ್ನೂ ಟೆಸ್ಟ್ ಮಾಡುತ್ತೇನೆ' ಅನ್ನುವವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

4. ಬಗ್ ಬರೆಯುವುದು

ಹುಡುಕಿದ್ದು ಸರಿ ಇದ್ದರೂ ಬರೆದಿದ್ದು ಸರಿ ಇಲ್ಲದೆ ಹಾಳಾಗುವ ಕೆಲಸ ಎಷ್ಟೋ. ನನ್ನ ಶುರುವಿನ ದಿನಗಳಲ್ಲಿ ಒಂದು ಆರ್ಡರ್ ಪೇಜ್ ಟೆಸ್ಟ್ ಮಾಡುತ್ತಿದ್ದೆ. 'ಪೇಮೆಂಟ್ ಕೆಲವೊಮ್ಮೆ ಎರಡು ಸಲ ಆಗುತ್ತಿದೆ, ದಯವಿಟ್ಟು ನೋಡಿ' ಅಂತ ಬರೆದು ಕಳಿಸಿದೆ. ಡೆವಲಪರ್ ಮೂರು ಸಲ ಪ್ರಯತ್ನಿಸಿ, 'ನಮ್ಮಲ್ಲಿ ಬರುತ್ತಿಲ್ಲ' ಅಂತ ಮುಚ್ಚಿದರು. ಬಗ್ ಹಾಗೆಯೇ ರಿಲೀಸ್ ಆಯಿತು, ಗ್ರಾಹಕರ ಹಣ ಎರಡೆರಡು ಸಲ ಕಡಿತವಾಯಿತು. ಆ 'ಕೆಲವೊಮ್ಮೆ' ಅನ್ನುವ ಪದವನ್ನು ಅವತ್ತಿನಿಂದ ಯಾವ ರಿಪೋರ್ಟಿನಲ್ಲೂ ಬರೆದಿಲ್ಲ.

ಈಗಾದರೆ ಅದೇ ಬಗ್‌ನ ಬೆನ್ನು ಹತ್ತೋದು ಹೀಗೆ. ಮೊದಲು ಎಣಿಸುತ್ತೇನೆ, ಹತ್ತು ಪ್ರಯತ್ನದಲ್ಲಿ ಎಷ್ಟು ಸಲ ಬಂತು? ಎರಡು ಸಲ. ಆಮೇಲೆ ಒಂದು ಸಲಕ್ಕೆ ಒಂದೇ ವಿಷಯ ಬದಲಿಸುತ್ತೇನೆ. ಬ್ರೌಸರ್ ಬದಲಿಸಿದೆ, ವ್ಯತ್ಯಾಸ ಇಲ್ಲ. ಅಕೌಂಟ್ ಬದಲಿಸಿದೆ, ಇಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ (ಅದೇ ಎಫ್12) ನೆಟ್‌ವರ್ಕ್ ವೇಗ ಇಳಿಸಿದೆ, ಅದೊಂದರಿಂದ ಇಲ್ಲ. ವೇಗ ಹಾಗೇ ಇಟ್ಟು, ಉತ್ತರ ಬರುವ ಮೊದಲೇ ಬಟನ್ ಇನ್ನೊಂದು ಸಲ ಒತ್ತಿದೆ: ಹತ್ತಕ್ಕೆ ಹತ್ತು ಸಲ ಬಂತು. ಎರಡು ವಿಷಯ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಬಂತು ಅಂತ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಇನ್ನು ಕತ್ತರಿಸುವ ಕೆಲಸ. ಕೂಪನ್ ಬೇಕಾ? ತೆಗೆದು ನೋಡಿ. ಬುಟ್ಟಿಯಲ್ಲಿ ಮೂರು ವಸ್ತು ಬೇಕಾ? ಒಂದೇ ಇಟ್ಟು ನೋಡಿ. ಹದಿನಾಲ್ಕು ಹೆಜ್ಜೆ ಇದ್ದಿದ್ದು ನಾಲ್ಕಕ್ಕೆ ಇಳಿಯುವ ತನಕ ಬಿಡಬೇಡಿ. ಡೆವಲಪರ್‌ಗೆ ಅರ್ಧ ದಿನ ಉಳಿಯೋದು ಇಲ್ಲೇ.

ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ನಿಲ್ಲಿಸಬೇಡಿ. ಇದೇ ತಪ್ಪು ಇನ್ನೆಲ್ಲಿ ಇರಬಹುದು, ಇದರಿಂದ ಆಗಬಹುದಾದ ದೊಡ್ಡ ನಷ್ಟ ಏನು ಅಂತ ನೋಡಿ. ರೀಫಂಡ್ ಬಟನ್ ಎರಡು ಸಲ ಒತ್ತಿದರೆ? ಎರಡು ಟ್ಯಾಬ್ ತೆರೆದು ಎರಡರಲ್ಲೂ ಒಂದೇ ಆರ್ಡರ್‌ಗೆ ಪಾವತಿಸಿದರೆ? ಡೇಟಾಬೇಸ್ ತೆರೆದು ನೋಡಿದರೆ ಒಂದೇ ಬುಟ್ಟಿಯ ನಂಬರಿಗೆ ಎರಡು ಸಾಲು, ನಡುವೆ ಒಂದು ಸೆಕೆಂಡ್ ಅಂತರ. ಎರಡು ಟ್ಯಾಬ್‌ನಲ್ಲೂ ಬರುತ್ತದೆ ಅಂತ ನೀವು ಬರೆದರೆ, ಮೊದಲ ಒತ್ತಿಗೇ ಬಟನ್ ನಿಷ್ಕ್ರಿಯ ಮಾಡಿದರೆ ಸಾಲದು, ಎರಡನೇ ರಿಕ್ವೆಸ್ಟ್ ಅನ್ನು ಸರ್ವರ್ ತಡೆಯಬೇಕು ಅಂತ ಅವರಿಗೇ ಹೊಳೆಯುತ್ತದೆ. ಹೀಗೆ ಸರಿಪಡಿಸಿ ಅಂತ ನೀವು ಹೇಳಬೇಕಾಗಿಲ್ಲ.

ತಲೆಬರಹ ಹೀಗಿರಲಿ: 'ನಿಧಾನದ ನೆಟ್‌ವರ್ಕ್‌ನಲ್ಲಿ "ಪಾವತಿಸಿ" ಎರಡು ಸಲ ಒತ್ತಿದರೆ ಎರಡು ಆರ್ಡರ್ ದಾಖಲಾಗಿ ಹಣ ಎರಡು ಸಲ ಕಡಿತ.' ಎಲ್ಲಿ, ಏನು ಮಾಡಿದರೆ, ಏನು ನಷ್ಟ, ಮೂರೂ ಒಂದೇ ಸಾಲಿನಲ್ಲಿ. ಮ್ಯಾನೇಜರ್ ಓದೋದು ಇದೊಂದೇ ಸಾಲು. ಕೆಳಗೆ ನಾಲ್ಕು ಹೆಜ್ಜೆ, ಏನಾಗಬೇಕಿತ್ತು, ಏನಾಯಿತು, ಬಳಸಿದ ಅಕೌಂಟ್, ಟೈಮ್‌ಝೋನ್ ಸಮೇತ ಸಮಯ, ಲಾಗ್‌ನ ಆ ಸಾಲು. ಎರರ್ ಮೆಸೇಜನ್ನು ಅಕ್ಷರಗಳಲ್ಲೇ ಕಾಪಿ ಮಾಡಿ, ಬರೀ ಫೋಟೊ ಅಂಟಿಸಿದರೆ ಆಮೇಲೆ ಹುಡುಕಲು ಆಗುವುದಿಲ್ಲ. ಒಂದು ರಿಪೋರ್ಟಿಗೆ ಒಂದೇ ಬಗ್.

ಬಿಲ್ಡ್ ನಂಬರ್ (ಸಾಫ್ಟ್‌ವೇರಿನ ಯಾವ ಆವೃತ್ತಿ ಅನ್ನೋದು) ಮತ್ತು ಯಾವ ಸರ್ವರ್ ಅನ್ನೋದನ್ನು ಮರೆಯಲೇಬೇಡಿ. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಅನ್ನುವ ಷೇರು ವಹಿವಾಟು ಕಂಪನಿಯಲ್ಲಿ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕುವುದು ಬಿಟ್ಟುಹೋಗಿತ್ತು. ಆ ಒಂದರಲ್ಲಿ ಹಳೆ ಕೋಡ್ ಎದ್ದು ಕೂತು, ಸುಮಾರು 45 ನಿಮಿಷದಲ್ಲಿ 40 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟವಾಯಿತು. 'ನಮ್ಮಲ್ಲಿ ಬರುತ್ತಿಲ್ಲ' ಅಂತ ಯಾರಾದರೂ ಅಂದಾಗ ನಾನು ಮೊದಲು ನೋಡೋದು ನಾವಿಬ್ಬರೂ ಒಂದೇ ಬಿಲ್ಡ್ ನೋಡುತ್ತಿದ್ದೇವಾ ಅಂತ.

ಭಾಷೆ ಮೆತ್ತಗಿರಲಿ. 'ಇಷ್ಟು ಸಣ್ಣದೂ ನೋಡಿಲ್ಲವಾ' ಅನ್ನೋ ಧಾಟಿ ಬಂದರೆ ಡೆವಲಪರ್ ಆ ರಿಪೋರ್ಟ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಬಗ್ ಅಲ್ಲೇ ಉಳಿಯುತ್ತದೆ.

5. ಕೊನೆಯ ವರದಿ

ಒಂದು ಪುಟ. ಏನು ನೋಡಿದೆವು, ಏನು ನೋಡಿಲ್ಲ, ಯಾವ ಮೂರು ವಿಷಯ ನಿದ್ದೆಗೆಡಿಸಬಹುದು. '500ರಲ್ಲಿ 480 ಪಾಸ್' ಅಂತ ಬರೆದು ಕೈ ತೊಳೆದುಕೊಳ್ಳಬೇಡಿ, ಉಳಿದ 20ರಲ್ಲಿ ಹಣ ಕಡಿತದ ಬಗ್ ಇರಬಹುದು. 'ಬಗ್ ಇಲ್ಲ' ಅಂತಲೂ ಬರೆಯಬೇಡಿ. ಬಗ್ ಇದೆ ಅಂತ ಟೆಸ್ಟಿಂಗ್ ತೋರಿಸಬಹುದು, ಇಲ್ಲವೇ ಇಲ್ಲ ಅಂತ ತೋರಿಸಲು ಆಗದು ಅನ್ನೋದನ್ನು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಐವತ್ತು ವರ್ಷಗಳ ಹಿಂದೆಯೇ ಹೇಳಿದ್ದಾರೆ. ರಿಲೀಸ್ ಮಾಡುವ ತೀರ್ಮಾನ ಕ್ಲೈಂಟ್‌ದು.

6. ಮೊದಲ ಕೆಲಸ ಸಿಗುವ ತನಕ

ಹಳೇ ಕಂಪನಿಯ ರಿಪೋರ್ಟ್ ಹೊರಗೆ ತೋರಿಸುವಂತಿಲ್ಲ, ತೋರಿಸಲೂ ಬಾರದು. ಅದಕ್ಕೆ ಓಪನ್ ಸೋರ್ಸ್‌ಗೆ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ಗಳಿಗೆ ಹೋಗಿ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎರಡರ ಬಗ್ ಪಟ್ಟಿಯೂ ಎಲ್ಲರಿಗೂ ತೆರೆದಿದೆ. ಬೇರೆಯವರು ಬರೆದ, ಇನ್ನೂ ಖಚಿತವಾಗದ ಬಗ್‌ಗಳನ್ನು ತೆಗೆದುಕೊಂಡು ಮೇಲೆ ಹೇಳಿದ ಹಾಗೆ ಬೆನ್ನು ಹತ್ತಿ, ನಿಮಗೆ ಸಿಕ್ಕಿದ್ದನ್ನು ಅಲ್ಲೇ ಬರೆಯಿರಿ. ಇಂಥ ಇಪ್ಪತ್ತು ಲಿಂಕ್ ಯಾವ ರೆಸ್ಯೂಮೆಗಿಂತಲೂ ಚೆನ್ನಾಗಿ ಮಾತಾಡುತ್ತವೆ.

7. ಒಪ್ಪಂದ

ಬಾಯಿಮಾತಿಗೆ ಕೆಲಸ ಶುರು ಮಾಡಬೇಡಿ. ಏನೇನು ಟೆಸ್ಟ್ ಮಾಡುತ್ತೀರಿ, ಸರಿಪಡಿಸಿದ ಮೇಲೆ ಎಷ್ಟು ಸುತ್ತು ಮರುಪರೀಕ್ಷೆ, ಅವರ ಟೆಸ್ಟ್ ಸರ್ವರ್ ಎರಡು ದಿನ ಬಿದ್ದುಹೋದರೆ ಆ ದಿನಗಳ ಲೆಕ್ಕ ಯಾರದು, ಎಲ್ಲ ಬರಹದಲ್ಲಿರಲಿ. ಸೆಕ್ಯುರಿಟಿ ಅಥವಾ ಲೋಡ್ ಟೆಸ್ಟ್ (ಒಮ್ಮೆಲೇ ತುಂಬಾ ರಿಕ್ವೆಸ್ಟ್ ಕಳಿಸಿ ನೋಡುವುದು) ಇದ್ದರೆ ಯಾವ ಸರ್ವರ್ ಮೇಲೆ, ಯಾವ ಹೊತ್ತಿನಲ್ಲಿ ಅನ್ನುವ ಲಿಖಿತ ಅನುಮತಿ ಕೈಗೆ ಬರುವ ತನಕ ಒಂದು ರಿಕ್ವೆಸ್ಟ್ ಕೂಡ ಕಳಿಸಬೇಡಿ. ನಿಜವಾದ ಗ್ರಾಹಕರ ಡೇಟಾ ಕೊಡಲು ಬಂದರೆ ಬೇಡ ಅನ್ನಿ, ಹೆಸರು, ನಂಬರ್ ಬದಲಿಸಿದ ಪ್ರತಿ ಕೇಳಿ. ಕೆಲಸ ಮುಗಿದ ದಿನ ನಿಮ್ಮ ಲ್ಯಾಪ್‌ಟಾಪಿನಿಂದ ಅವರ ಬಿಲ್ಡ್, ಪಾಸ್‌ವರ್ಡ್, ಸ್ಕ್ರೀನ್‌ಶಾಟ್ ಎಲ್ಲ ಅಳಿಸಿ, ಅಳಿಸಿದ್ದೇನೆ ಅಂತ ಮೇಲ್ ಹಾಕಿ, ಆಮೇಲೆ ಬಿಲ್ ಕಳಿಸಿ.