ಬೆಳ್ಳುಳ್ಳಿ ಬಿಡಿಸಿದ ಕಥೆ

ಹೋದ ಚಳಿಗಾಲದಲ್ಲಿ ಅಮ್ಮ ಫೋನ್ ಮಾಡಿ "ಭಾನುವಾರ ಪೂರ್ತಿ ಫೋನೇ ಎತ್ತಲಿಲ್ವಲ್ಲೋ, ಏನ್ ಮಾಡ್ತಿದ್ದೆ" ಅಂದ್ರು. ಬೆಳ್ಳುಳ್ಳಿ ಬಿಡಿಸ್ತಿದ್ದೆ ಅಂದೆ. "ಅಷ್ಟೊಂದಾ? ಉಪ್ಪಿನಕಾಯಿ ಹಾಕ್ತಿದೀರಾ?" ಅಂತ ಕೇಳಿದ್ರು ಪಾಪ. ನಾನು ಬಿಡಿಸ್ತಿದ್ದಿದ್ದು ಕ್ಯಾನ್ವಾಸ್ ಮೇಲೆ, ಆಯಿಲ್ ಪೇಂಟಲ್ಲಿ, ಅದೂ ಸರಿ ಬರ್ದೆ ಮೂರನೇ ಸಲ.

ನಾವಿರೋದು ಅಮೆರಿಕದ ಪಿಟ್ಸ್‌ಬರ್ಗಲ್ಲಿ. ಇಲ್ಲಿನ ಕಾರ್ನೆಗಿ ಮ್ಯೂಸಿಯಂ ಆಫ್ ಆರ್ಟಲ್ಲಿ ಒಂದು ಸಣ್ಣ ಚಿತ್ರ ಇದೆ, 32 ಸೆಂ.ಮೀ ಎತ್ತರ, 41 ಅಗಲ ಇರ್ಬೋದು ಅಷ್ಟೇ. ಒಂದು ಗ್ಲಾಸ್ ನೀರು, ಪಕ್ಕದಲ್ಲಿ ಕಪ್ಪಗಿನ ಒಂದು ಕಾಫಿ ಪಾತ್ರೆ, ಮುಂದೆ ಬೆಳ್ಳುಳ್ಳಿ ಗಡ್ಡೆಗಳು. 1761ರ ಆಸುಪಾಸಿಂದು. ಮೊದಲ ಸಲ ಹೋದಾಗ ನೋಡಿ ಮುಂದೆ ಹೋಗ್ಬಿಟ್ಟಿದ್ದೆ, ನಿಜ ಹೇಳ್ಬೇಕಂದ್ರೆ. ಎರಡನೇ ಸಲ ಕಾಫಿ ಅನ್ನೋ ಪದ ನೋಡಿ ನಿಂತೆ, ನಮ್ಮ ಜನ ಬೇರೆ ಯಾಕೆ ನಿಲ್ತಾರೆ. ಆಮೇಲೆ ಅಲ್ಲಿಂದ ಕದಲೋಕೇ ಆಗ್ಲಿಲ್ಲ.

ಬರೆದವನು ಝಾನ್ ಸಿಮಿಯೋನ್ ಶಾರ್ದ್ಯಾಂ. (ನಾನು ಆರು ತಿಂಗಳು ಚಾರ್ಡಿನ್ ಚಾರ್ಡಿನ್ ಅಂತಾನೇ ಹೇಳ್ಕೊಂಡು ಓಡಾಡ್ತಿದ್ದೆ.) 1699ರಲ್ಲಿ ಪ್ಯಾರಿಸಲ್ಲಿ ಹುಟ್ಟಿದ್ದು, ಅಪ್ಪ ಬಿಲಿಯರ್ಡ್ಸ್ ಟೇಬಲ್ ಮಾಡೋ ಬಡಗಿ. ಆ ಕಾಲದ ಫ್ರಾನ್ಸಲ್ಲಿ ದೇವರು, ರಾಜ, ಯುದ್ಧ ಬರೆದ್ರೆ ದೊಡ್ಡ ಕಲಾವಿದ, ಹಣ್ಣು ಪಾತ್ರೆ ಬರೆಯೋರು ಲೆಕ್ಕದಲ್ಲಿ ಕಟ್ಟಕಡೆಗೆ. ಹಂಗಿದ್ರೂ 1728ರಲ್ಲಿ ಅಲ್ಲಿನ ಕಲಾವಿದರ ರಾಯಲ್ ಅಕಾಡೆಮಿ ಅವನನ್ನ ಪ್ರಾಣಿ ಮತ್ತು ಹಣ್ಣಿನ ಚಿತ್ರಕಾರ ಅಂತ ಒಳಗೆ ಸೇರಿಸ್ಕೊಳ್ತು. ಹೊಟ್ಟೆ ಸೀಳಿ ನೇತುಹಾಕಿರೋ ತೊರಕೆ ಮೀನಿನ (ರೇ ಫಿಶ್) ಚಿತ್ರ ಒಂದು, ಬಫೆ ಮೇಜಿಂದು ಒಂದು, ಇವೆರಡನ್ನ ಕೊಟ್ಟು ಸೇರಿದ್ದು. ಮುಂದೆ ಅದೇ ಅಕಾಡೆಮಿಗೆ ಖಜಾಂಚಿ ಆದ, ಪ್ರದರ್ಶನದಲ್ಲಿ ಯಾರ ಚಿತ್ರ ಎಲ್ಲಿ ತೂಗುಹಾಕ್ಬೇಕು ಅನ್ನೋ ತಲೆನೋವಿನ ಕೆಲಸಾನೂ ಅವನದೇ, 1757ರಲ್ಲಿ ರಾಜ ಲೂವ್ರ್ ಅರಮನೆಯಲ್ಲೇ ಮನೆ ಕೊಟ್ಟ.

ಸರಿ, ನನ್ನ ಕಥೆಗೆ ಬರ್ತೀನಿ. ಮನೇಲೇ ಅದೇ ಸೈಜಿನ ಕ್ಯಾನ್ವಾಸ್ ತಗೊಂಡೆ, ಕಿಟಕಿ ಎಡಕ್ಕೆ ಬರೋ ಹಂಗೆ ಮೇಜು ಎಳೆದು, ಒಂದು ಗ್ಲಾಸು, ಥ್ರಿಫ್ಟ್ ಶಾಪಿಂದ (ಹಳೇ ಸಾಮಾನಿನ ಅಂಗಡಿ) ತಂದ ಒಂದು ಕಂದು ಪಾತ್ರೆ, ಬೆಳ್ಳುಳ್ಳಿ ಇಟ್ಟೆ. ಮೊದಲನೇ ಸಲ ಮಾಡಿದ ತಪ್ಪು ಏನಂದ್ರೆ ಬಿಳಿ ಕ್ಯಾನ್ವಾಸ್ ಮೇಲೇ ಪೆನ್ಸಿಲಲ್ಲಿ ಗ್ಲಾಸಿನ ಔಟ್‌ಲೈನ್ ನೀಟಾಗಿ ಎಳೆದು ಅದರೊಳಗೆ ಬಣ್ಣ ತುಂಬಿದ್ದು, ಕಲರಿಂಗ್ ಬುಕ್ ಥರ ಆಯ್ತು. ಎರಡನೇ ಸಲ ರಾ ಅಂಬರ್ ಅನ್ನೋ ಕಂದು ಬಣ್ಣ ತೆಳ್ಳಗೆ ಬಳಿದು ಪೂರ್ತಿ ಕಂದು ಮಾಡ್ಕೊಂಡು ಶುರು ಮಾಡ್ದೆ, ಅದು ಪರವಾಗಿಲ್ಲ, ಆದ್ರೆ ಬೆಳ್ಳುಳ್ಳಿಗೆ ಟೈಟಾನಿಯಂ ವೈಟನ್ನ ಹಂಗೇ ಹಾಕ್ಬಿಟ್ಟೆ, ಪಿಂಗಾಣಿ ಗುಂಡಿ ಕೂತ ಹಂಗಿತ್ತು. ಅವನ ಕಾಲದಲ್ಲಿ ಇದ್ದಿದ್ದು ಸೀಸದ ಬಿಳಿ, ಅದು ನೋಡೋಕೆ ಇಷ್ಟು ತಣ್ಣಗಿಲ್ಲ, ಒಂಚೂರು ಬೆಚ್ಚಗಿನ ಬಿಳಿ, ಅಡಿಯ ಬಣ್ಣಾನ ಇಷ್ಟು ಮುಚ್ಚೋದೂ ಇಲ್ಲ. ಆ ಸೀಸದ ಬಣ್ಣಗಳೇ ವಯಸ್ಸಾದ ಮೇಲೆ ಅವನ ಕಣ್ಣು ಕೆಡಿಸಿದ್ದು ಅಂತಾರೆ, ಕೊನೆಕೊನೆಗೆ ಆಯಿಲ್ ಬಿಟ್ಟು ಪಾಸ್ಟೆಲ್ ಅನ್ನೋ ಬಣ್ಣದ ಕಡ್ಡಿ ಹಿಡಿದ, ತಲೆಗೆ ಬಟ್ಟೆ ಸುತ್ಕೊಂಡು ಕನ್ನಡಕ ಹಾಕ್ಕೊಂಡಿರೋ ತನ್ನದೇ ಮುಖದ ಚಿತ್ರಗಳು 1770ರ ದಶಕದ್ದು. ಹಾಗಾಗಿ ನಾನು ಸೀಸ ಮುಟ್ಟಲಿಲ್ಲ, ಟೈಟಾನಿಯಂಗೇ ಯೆಲ್ಲೋ ಓಕರ್ (ಮಣ್ಣು ಹಳದಿ) ಒಂಚೂರು, ಅಂಬರ್ ಇನ್ನೂ ಒಂಚೂರು ಸೇರಿಸಿ ದಾರಿಗೆ ತಂದೆ.

ಅಷ್ಟೊತ್ತಿಗೆ ಒಂದಿನ ಆಫೀಸಿಂದ ಬಂದು ನೋಡ್ತೀನಿ, ಮೇಜಿನ ಮೇಲಿದ್ದ ಬೆಳ್ಳುಳ್ಳಿ ಸಾರಿನ ಒಗ್ಗರಣೆಗೆ ಹೋಗಿದೆ. "ಹದಿನೈದು ದಿನದಿಂದ ಅಲ್ಲೇ ಇತ್ತಲ್ರೀ" ಅಂದ್ಲು ನಮ್ಮನೆಯವಳು. ಹೊಸ ಗಡ್ಡೆಯ ಆಕಾರವೇ ಬೇರೆ, ನೆರಳೇ ಬೇರೆ, ಪೂರ್ತಿ ಕೆರೆದು ಮತ್ತೆ ಶುರು.

ಗ್ಲಾಸ್ ಮಾತ್ರ ಜಪ್ಪಯ್ಯ ಅಂದ್ರೂ ಬರಲಿಲ್ಲ. ಆಗ ನೆನಪಾಗಿದ್ದು ಅವನ ಸ್ನೇಹಿತ ಕೊಶ್ಯಾಂ ಬರೆದಿಟ್ಟಿರೋ ಒಂದು ವಿಷಯ. ಶಾರ್ದ್ಯಾಂ ಶುರುಶುರುವಲ್ಲಿ ಒಂದು ಸತ್ತ ಮೊಲ ಬರೆಯೋಕೆ ಕೂತನಂತೆ, ಕೂದಲು ಕೂದಲು ಎಣಿಸ್ಕೊಂಡು ಬರೆದ್ರೆ ಕೆಲಸ ಆಗಲ್ಲ ಅಂತ ಗೊತ್ತಾಗಿ, ಸಣ್ಣಪುಟ್ಟದ್ದು ಕಾಣದಷ್ಟು ದೂರದಲ್ಲಿ ಇಟ್ಕೊಂಡು, ಬರೀ ಒಟ್ಟು ಬಣ್ಣ, ಗುಂಡಗಿರೋ ಆಕಾರ, ಬೆಳಕು-ನೆರಳು ನೋಡಿ ಬರೆದನಂತೆ. ನಾನು ಮೂರಡಿಯಲ್ಲಿ ಮೂಗು ಒತ್ಕೊಂಡು ಕೂತಿದ್ದೆ! ಮೇಜನ್ನ ಹತ್ತಡಿ ಆಚೆ ತಳ್ಳಿದೆ, ಹಾಲ್‌ನಲ್ಲಿ ಓಡಾಡೋಕೆ ಜಾಗ ಇಲ್ದಂಗಾಯ್ತು, ಅದು ಬೇರೆ ವಿಷಯ. ದೂರದಿಂದ ನೋಡಿದ್ರೆ ಗ್ಲಾಸ್ ಅಂತ ಒಂದು ವಸ್ತುವೇ ಇಲ್ಲ. ಹಿಂದಿನ ಗೋಡೆಯ ಕಂದೇ ಒಳಗೂ ಇದೆ, ನೀರಿರೋ ಕಡೆ ಒಂಚೂರು ಬದಲಾಗಿದೆ ಅಷ್ಟೇ, ಅಂಚು ಅರ್ಧ ಕಡೆ ಕಾಣೋದೇ ಇಲ್ಲ. ಅದಕ್ಕೇ ಮೊದಲು ಗೋಡೆಯನ್ನ ಗ್ಲಾಸ್ ಮೇಲೇ ಎಳ್ಕೊಂಡು ಹೋದೆ, ಗ್ಲಾಸೇ ಇಲ್ಲ ಅನ್ನೋ ಹಂಗೆ. ನಾಲ್ಕೈದು ದಿನ ಒಣಗಿದ ಮೇಲೆ ನೀರಿನ ಕಂದು, ಪಾತ್ರೆಯಿಂದ ಬಿದ್ದಿರೋ ಕಪ್ಪು, ಎಲ್ಲಾ ಆದ್ಮೇಲೆ ದಪ್ಪ ಬಿಳಿಯಲ್ಲಿ ಮೂರೇ ಮೂರು ಚುಕ್ಕಿ. ನಾಲ್ಕನೇದು ಇಡೋಕೆ ಕೈ ತುರಿಸ್ತಿತ್ತು, ಬ್ರಷ್ ತೊಳೆಯೋಕೆ ಎದ್ದು ಹೋಗ್ಬಿಟ್ಟೆ.

ಅವನ ಇನ್ನೊಂದು ಚಿತ್ರ, ಕಾಡು ಸ್ಟ್ರಾಬೆರಿ ಬುಟ್ಟಿದು, ಅದೂ 1761ರದ್ದೇ, ಅದರಲ್ಲೂ ಇಂಥದೇ ಒಂದು ಗ್ಲಾಸ್ ನೀರಿದೆ. 2022ರಲ್ಲಿ ಪ್ಯಾರಿಸ್ ಹರಾಜಲ್ಲಿ 2.4 ಕೋಟಿ ಯೂರೋ ಮೇಲೆ ಹೋಯ್ತು, ಸರ್ಕಾರ ದೇಶದಿಂದ ಆಚೆ ಬಿಡಲಿಲ್ಲ, ಕೊನೆಗೆ ದೊಡ್ಡ ದಾನಿಗಳ ದುಡ್ಡಿನ ಜೊತೆ ಜನರ ಹತ್ರಾನೂ ಚಂದಾ ಎತ್ತಿ 2024ರಲ್ಲಿ ಲೂವ್ರ್ ಮ್ಯೂಸಿಯಂ ತಗೊಳ್ತು.

ನಂದು ಈಗ ಅಡುಗೆಮನೆ ಬಾಗಿಲ ಪಕ್ಕ ಇದೆ. ಗ್ಲಾಸು ಪಾಸು, ಬೆಳ್ಳುಳ್ಳಿ ಜಸ್ಟ್ ಪಾಸು. ಕಾಫಿ ಪಾತ್ರೆ ಇನ್ನೂ ಡಬ್ಬದ ಮುಚ್ಚಳ ಥರ ಚಪ್ಪಟೆಯಾಗೇ ಕೂತಿದೆ, ಶನಿವಾರ ಮತ್ತೆ ಮ್ಯೂಸಿಯಂಗೆ ಹೋಗಿ ಅದೊಂದನ್ನೇ ನೋಡ್ಕೊಂಡು ಬರ್ಬೇಕು.