ಮಲೆನಾಡಿನ ಮಳೆ ದಾಟಿದ ನನ್ನ ತುಡುವೆ ಪೆಟ್ಟಿಗೆಗಳು

ಮೂಡಿಗೆರೆ ಕಡೆಯ ಮಳೆಗೆ ಹಿತ್ತಲಲ್ಲಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನು, ನಿಲ್ಲುವುದಿಲ್ಲ ಎಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಿದ್ದರು. "ಏಪ್ರಿಲಲ್ಲಿ ಜೇನುತುಪ್ಪ ತಿನ್ನು, ಆಗಸ್ಟಲ್ಲಿ ಖಾಲಿ ಪೆಟ್ಟಿಗೆ ಒಲೆಗೆ ಹಾಕು ಮಾರಾಯ" ಅಂದವರೂ ಇದ್ದಾರೆ. ನನ್ನ ಪೆಟ್ಟಿಗೆಗಳು ಕಳೆದ ಮಳೆಗಾಲವನ್ನೂ ದಾಟಿವೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಶುರುವಿನ ಖರ್ಚು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪೆಟ್ಟಿಗೆ, ಸ್ಟ್ಯಾಂಡು, ಜೇನು ಕುಟುಂಬ (ರಾಣಿ ಸಮೇತ ನೊಣಗಳ ಗುಂಪು) ಸೇರಿ ಹತ್ತಿರ ಹತ್ತಿರ 5,000 ರೂಪಾಯಿ. ಮಾರಿದವರು ಕೊಟ್ಟಿದ್ದು ಕಪ್ಪಾದ ಹಳೇ ಎರಿ (ಮೇಣದ ಗೂಡು), ಮುದಿ ರಾಣಿ. ಜುಲೈ ಹೊತ್ತಿಗೆ ಮೇಣದ ಹುಳು ಎರಿಯನ್ನೆಲ್ಲ ಬಲೆ ಕಟ್ಟಿ ತಿಂದುಹಾಕಿತ್ತು. ಮರುವರ್ಷ ಬೇರೆ ಕಡೆಯಿಂದ ತಂದ ಕುಟುಂಬ ಜೂನ್ ಜಡಿಮಳೆಗೇ ಪೆಟ್ಟಿಗೆ ಬಿಟ್ಟು ಹೋಯಿತು. ದುಡ್ಡು ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ಅಲ್ಲಿಂದ ಕುಟುಂಬ ಕೊಳ್ಳುವುದನ್ನೇ ಬಿಟ್ಟೆ. ಡಿಸೆಂಬರ್, ಜನವರಿಯಲ್ಲಿ ಕಾಡಿನ ತುಡುವೆ ಪಾಲಾಗಿ, ಅಂದರೆ ಒಂದು ಕುಟುಂಬ ಎರಡಾಗಿ, ಹೊಸ ಮನೆ ಹುಡುಕುತ್ತದೆ, ಅಲ್ವಾ? ಆ ಹೊತ್ತಿಗೆ ಹಳೇ ನ್ಯೂಟನ್ ಪೆಟ್ಟಿಗೆಗಳ (ತುಡುವೆಗೆ ಬಳಸುವ ಏಳು ಚೌಕಟ್ಟಿನ ಪೆಟ್ಟಿಗೆ) ಒಳಗೆ ಕರಗಿಸಿದ ಮೇಣ ಸವರಿ, ಹುತ್ತ ಮತ್ತು ಪೊಟರೆ ಇರುವ ಕಡೆ ನೆರಳಲ್ಲಿ ಇಟ್ಟೆ. ಮೇಣದ ಜೊತೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಗೊತ್ತಾಗಲು ನನಗೆ ಬಹಳ ಕಾಲ ಹಿಡಿಯಿತು, ಇಲ್ಲಿ ಬರೆಯುವುದಿಲ್ಲ. ಇಟ್ಟ ಪೆಟ್ಟಿಗೆಗಳಲ್ಲಿ ಅರ್ಧದಷ್ಟಕ್ಕೆ ಜೇನು ಕೂತಿತು. 1991–92ರಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಸಾಕಿದವರೆಲ್ಲ ಕೈ ಸುಟ್ಟುಕೊಂಡದ್ದು ಹಿರಿಯರಿಗೆ ನೆನಪಿದೆ. ಹಾಗಾಗಿ ಯಾರ ಆರೈಕೆಯೂ ಇಲ್ಲದೆ ಕಾಡಲ್ಲಿ ಉಳಿದ ಕುಟುಂಬದ ಮೇಲೇ ನನಗೆ ನಂಬಿಕೆ ಜಾಸ್ತಿ.

ಇನ್ನು ಮಳೆಗಾಲ. ನನ್ನ ಪ್ರಕಾರ ಕೆಲಸವೆಲ್ಲ ಮೇ ಕೊನೆಯಲ್ಲೇ ಮುಗಿಯಬೇಕು. ಸೂಪರ್, ಅಂದರೆ ನಾವು ತುಪ್ಪ ತೆಗೆಯುವ ಮೇಲಿನ ಕೋಣೆ, ತೆಗೆದುಬಿಡುತ್ತೇನೆ. ರಾಣಿ, ಮರಿ ಇರುವ ಕೆಳಗಿನ ಸಂಸಾರ ಕೋಣೆಯ ತುಪ್ಪಕ್ಕೆ ಕೈ ಹಾಕುವುದಿಲ್ಲ. ನೊಣ ಮುಚ್ಚಿಕೊಂಡಿರುವ ಎರಿ ಎಷ್ಟಿವೆಯೋ ಅಷ್ಟೇ ಉಳಿಸುತ್ತೇನೆ, ಸಾಮಾನ್ಯವಾಗಿ ನಾಲ್ಕು. ಪಕ್ಕಕ್ಕೊಂದು ಹಲಗೆ ನಿಲ್ಲಿಸಿ ಉಳಿದ ಜಾಗ ಮುಚ್ಚುತ್ತೇನೆ. ನೊಣ ಕೂರದ ಎರಿಯಲ್ಲೇ ಮೇಣದ ಹುಳು ಮೊದಲು ಸೇರುವುದು. ಏಳು ಚೌಕಟ್ಟನ್ನೂ ಹಾಗೇ ಬಿಟ್ಟು "ಕುಟುಂಬ ನಿಲ್ಲಲಿಲ್ಲ" ಅನ್ನುವವರಿಗೆ ಇದನ್ನು ಎಷ್ಟು ಹೇಳಿದರೂ ಸಾಲದು. ಒಳಗೆ ಜಾಗ ಚಿಕ್ಕದಾದಷ್ಟೂ ಬಿಸಿ ನಿಲ್ಲುತ್ತದೆ.

ಪೆಟ್ಟಿಗೆ ಇರುವುದು ಸೌದೆ ಕೊಟ್ಟಿಗೆಯ ಸೂರಿನಡಿ, ಬಾಗಿಲು ಪೂರ್ವಕ್ಕೆ. ನಮ್ಮಲ್ಲಿ ಮಳೆ ಹೊಡೆಯುವುದು ಪಶ್ಚಿಮದಿಂದ. ಮುಚ್ಚಳದ ಕೆಳಗೆ ಒಣ ಗೋಣಿಚೀಲ ಹಾಕಿ, ತೇವವಾದರೆ ಬದಲಿಸುತ್ತೇನೆ. ಸಕ್ಕರೆ ಪಾಕ ಸಮಸಮ, ಅರ್ಧ ಲೋಟ, ವಾರಕ್ಕೆರಡು ಸಲ. ತೆಂಗಿನ ಕರಟದಲ್ಲಿ ಹುಲ್ಲುಕಡ್ಡಿ ಹಾಕಿ ಇಟ್ಟರೆ ನೊಣ ಮುಳುಗುವುದಿಲ್ಲ. ಕತ್ತಲಾದ ಮೇಲೆಯೇ ಇಡಬೇಕು, ಹಗಲಲ್ಲಿ ಇಟ್ಟರೆ ಪಕ್ಕದ ಪೆಟ್ಟಿಗೆಯ ಜೇನು ಕದಿಯಲು ಬರುತ್ತದೆ. ಮಳೆಗಾಲ ಪೂರ್ತಿ ಒಂದು ಪೆಟ್ಟಿಗೆಗೆ ಐದಾರು ಕೆಜಿ ಸಕ್ಕರೆ, ಅಂದರೆ 250 ರೂಪಾಯಿ ಆಸುಪಾಸು. ಅಕ್ಟೋಬರ್ ದಾಟಿದ ಮೇಲೆ ಪಾಕ ಬಂದ್. ಸೂಪರ್ ಇಟ್ಟ ಮೇಲೆ ಸಕ್ಕರೆ ಕೊಡುವುದು ಮೋಸ.

ಒಮ್ಮೆ ಬೆಲ್ಲದ ಪಾಕ ಕೊಟ್ಟು ನೋಡಿದೆ. ನೊಣಗಳಿಗೆ ಭೇದಿ ಹಿಡಿದು ಪೆಟ್ಟಿಗೆಯ ಮುಖವೆಲ್ಲ ಕಂದು ಚುಕ್ಕೆ. ಬೆಲ್ಲ ಬೇಡವೇ ಬೇಡ. ಬಿದಿರಿನ ಗಂಟೊಳಗೆ ಮಿಸ್ರಿ ಎಂಬ ಮುಳ್ಳಿಲ್ಲದ ಪುಟ್ಟ ಜೇನನ್ನೂ ಕೂರಿಸಿದ್ದೇನೆ. ಸುಮ್ನೆ ಇಟ್ಟರೆ ಸಾಕು, ಚುಚ್ಚುವುದಿಲ್ಲ, ಮಕ್ಕಳಿಗೆ ಖುಷಿ. ತುಪ್ಪ ಮಾತ್ರ ಒಂದು ಬಟ್ಟಲೂ ತುಂಬಲಿಲ್ಲ. ಅದರ ಬೆಲೆ ಬೇರೆಯೇ, ಹಾಗಾಗಿ ಇನ್ನೂ ಬಿಟ್ಟಿಲ್ಲ.

ಮಾರ್ಚಲ್ಲಿ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಹೂ ಬಿಡುವಾಗ ಮಳೆಗಾಲದ ಸಕ್ಕರೆಯ ಲೆಕ್ಕ ಚುಕ್ತಾ ಆಗುತ್ತದೆ. ಆ ಹೊತ್ತಿಗೆ ಕುಟುಂಬ ತುಂಬಿರಬೇಕು, ಹೂ ಇರುವುದೇ ಎರಡು ಮೂರು ದಿನ. ರೋಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಸಿಗದಿದ್ದರೆ ಕಾಯಿ ಕಚ್ಚುವುದಿಲ್ಲ. ಅದಕ್ಕೇ ಪಕ್ಕದ ತೋಟದವರೂ ಈಗ ಪೆಟ್ಟಿಗೆಯನ್ನು ನಮ್ಮ ಬೇಲಿ ಹತ್ತಿರವೇ ಇಡಿ ಅನ್ನುತ್ತಾರೆ. ಹಿಂದೆ ಮಕ್ಕಳಿಗೆ ಕಚ್ಚುತ್ತದೆ ಎಂದು ತಕರಾರು ಮಾಡಿದವರು ಇವರೇ. ಕಾಫಿ ಮುಗಿದ ಮೇಲೆ ನೇರಳೆ, ಮತ್ತಿ ಹೂ ಸೇರಿ ಪೆಟ್ಟಿಗೆಗೆ ಆರೇಳು ಕೆಜಿ ತುಪ್ಪ ಬಂತು. ಮನೆಗೆ ಇಟ್ಟುಕೊಂಡು ಉಳಿದದ್ದನ್ನು ಕೆಜಿಗೆ 700 ರೂಪಾಯಿಯಂತೆ ಮಾರಿದೆ. ಮೊದಲು ಕಳೆದುಕೊಂಡ ದುಡ್ಡು ಪೂರ್ತಿ ವಾಪಸಾಗಿದೆ.

ಖಾಲಿ ಪೆಟ್ಟಿಗೆ ಒಲೆಗೆ ಹಾಕು ಅಂದವರೇ ಈಗ ಕುಟುಂಬ ಕೇಳಿಕೊಂಡು ಬರುತ್ತಿದ್ದಾರೆ. ಜನವರಿಯಲ್ಲಿ ಪಾಲು ಮಾಡಿ ಕೊಡುತ್ತೇನೆ. ಆದರೆ ಮೇ ಕೊನೆಯಲ್ಲಿ ನಾನೇ ಬಂದು ಎರಿ ಕಡಿಮೆ ಮಾಡುತ್ತೇನೆ, ಅದಕ್ಕೆ ಒಪ್ಪಿದವರಿಗೆ ಮಾತ್ರ.